ಮೊದಲ ಸಾಲಿನ ಅಭಿಮಾನಿಗಳು

ಕುದುರೆಮುಖದ ಗಣಿ ಕಂಪನಿಯ ಸಭಾಂಗಣದ ಮೊದಲ ಸಾಲಿನಲ್ಲಿ ಇದ್ದದ್ದು ಹೆಚ್ಚೆಂದರೆ ಇಪ್ಪತ್ತು ಕುರ್ಚಿ. ಅಷ್ಟೂ ಆಫೀಸರುಗಳಿಗೆ ಮೀಸಲು. ಈಗ ಕೇಳಿ ನೋಡಿ, ಮೂಡಿಗೆರೆಯಿಂದ ಕಳಸದವರೆಗೆ ಐವತ್ತು ದಾಟಿದ ಗಂಡಸರೆಲ್ಲ ಅದೇ ಸಾಲಿನಲ್ಲಿ ಕೂತು ಅಕ್ಕನ ಹಾಡು ಕೇಳಿದವರು. ಇವರನ್ನೆಲ್ಲ ಕೂರಿಸಬೇಕಾಗಿದ್ದರೆ ಕುರ್ಚಿಗಳನ್ನು ಕಳಸದ ಬಸ್ ಸ್ಟ್ಯಾಂಡಿನವರೆಗೆ ಹಾಕಬೇಕಿತ್ತು. ನಾನು ಮಾತ್ರ ಬಾಗಿಲ ಹತ್ತಿರ ನಿಂತು ಕೇಳಿದವನು. ಅಕ್ಕನ ಆರ್ಕೆಸ್ಟ್ರಾದ ವ್ಯಾನ್ ಓಡಿಸುತ್ತಿದ್ದವನಿಗೆ ಕುರ್ಚಿ ಯಾರು ಕೊಡುತ್ತಾರೆ?

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ, ಆರ್ಕೆಸ್ಟ್ರಾದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಬೇರೆ ಗಾಯಕಿಯರು ಸೆರಗು ಹೊದ್ದು, ಕೈಯಲ್ಲಿ ಪುಸ್ತಕ ಹಿಡಿದು, ಕಾಲು ಕದಲಿಸದೆ ಸಿನಿಮಾ ಹಾಡು ಹೇಳುತ್ತಿದ್ದ ಕಾಲ ಅದು. ಅಕ್ಕ ಸ್ಟ್ಯಾಂಡಿನಿಂದ ಮೈಕು ಕಿತ್ತುಕೊಂಡು ಇಂಗ್ಲಿಷ್ ರಾಕ್ ಹಾಡು ಎತ್ತಿಕೊಂಡರೆ, ಹೊಟ್ಟೆಯಾಳದಿಂದ ಬರುತ್ತಿದ್ದ ಆ ಒರಟು ದನಿಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅರ್ಥ ಒಂದಕ್ಷರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಕಳೆದ ವರ್ಷ ಮೂಡಿಗೆರೆಯಲ್ಲಿ ಅಕ್ಕನ ಅಭಿಮಾನಿ ಬಳಗ ಅಂತ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ಅಧ್ಯಕ್ಷರು ಒಬ್ಬ ಎಸ್ಟೇಟ್ ಮಾಲೀಕರು. ಕ್ಲಬ್ಬಿನಲ್ಲಿ ಅಕ್ಕನ ಹಾಡಿಗೆ ತಾವು ಮೇಜು ಹತ್ತಿ ಕುಣಿದದ್ದನ್ನು ವಾರಕ್ಕೊಮ್ಮೆಯಾದರೂ ಬರೆಯುತ್ತಾರೆ. ನನಗೆ ನೆನಪಿರುವ ಹಾಗೆ ಅವತ್ತು ಅವರು ಇಸ್ಪೀಟಿನ ಮೇಜಿನಿಂದ ಏಳಲೇ ಇಲ್ಲ. ಆ ಹೆಂಗಸಿಗೆ ಸ್ವಲ್ಪ ಮೆತ್ತಗೆ ಹಾಡಲು ಹೇಳು, ರಮ್ಮಿ ಆಡಲಿಕ್ಕಾಗುತ್ತಿಲ್ಲ ಎಂದು ವೇಟರ್ ಕೈಲಿ ಹೇಳಿ ಕಳಿಸಿದ್ದರು. ಇನ್ನೊಬ್ಬರು ಪೇಟೆಯ ಬಟ್ಟೆ ಅಂಗಡಿಯವರು. ಅಕ್ಕ ವೇದಿಕೆಯಿಂದ ಎಸೆದ ವಸ್ತ್ರ ತಮ್ಮ ಬೀರುವಿನಲ್ಲಿ ಭದ್ರವಾಗಿದೆ ಎನ್ನುತ್ತಾರೆ. ಅಕ್ಕ ಏನನ್ನೂ ಎಸೆಯುತ್ತಿರಲಿಲ್ಲ ಮಾರಾಯ್ರೆ. ಸ್ಪೀಕರಿನ ಮೇಲೆ ಬಿದ್ದ ಮಳೆನೀರು ಒರೆಸಲು ಇಟ್ಟುಕೊಂಡಿದ್ದ ನನ್ನ ಬೈರಾಸು ಒಮ್ಮೆ ಕಳೆದುಹೋಗಿತ್ತು, ನಾನು ಅಷ್ಟು ಮಾತ್ರ ಹೇಳಬಲ್ಲೆ.

ಸನ್ಮಾನ ಮಾಡುತ್ತೇವೆ ಎಂದು ಈ ಬಳಗದವರು ಮೂರು ಸಲ ಹೋಗಿ ಮೂರು ಸಲವೂ ಅಕ್ಕನಿಂದ ಬೈಸಿಕೊಂಡು ಬಂದಿದ್ದರು. ನಾಲ್ಕನೇ ಸಲ ಅಕ್ಕ ಒಪ್ಪಿಬಿಟ್ಟರು. ಯಾಕೆಂದು ಗೊತ್ತಿದ್ದದ್ದು ನನಗೊಬ್ಬನಿಗೆ, ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋದವನು ನಾನೇ. ಗಂಟಲಲ್ಲಿ ಗಡ್ಡೆ. ಆಪರೇಷನ್ ಮಾಡಲೇಬೇಕು, ಆಮೇಲೆ ಹಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಸನ್ಮಾನ ಭಾನುವಾರ, ಆಪರೇಷನ್ ಗುರುವಾರ.

"ಶಾಲು ಗೀಲು ಏನ್ ಬೇಕಾದ್ರೂ ಹೊದಿಸ್ಲಿ ಮಾರಾಯ. ಜನರ ಎದ್ರಿಗೆ, ಮೈಕಲ್ಲಿ, ಒಂದು ಹಾಡು ಹಾಡ್ಬೇಕು ನಾನು. ಅಷ್ಟೇ," ಎಂದರು ಅಕ್ಕ. ಕಾಯಿಲೆಯ ವಿಷಯ ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡರು. ಎದುರಿಗೆ ಕೂತವರು ಅಳತೊಡಗಿದರೆ ಹಾಡಲು ಆಗುವುದಿಲ್ಲವಂತೆ. ಮೂರು ದಿನ ಬಾಯಿ ಬಿಡದೆ ಬರೀ ಕೈಸನ್ನೆಯಲ್ಲೇ ಕಾಲ ತಳ್ಳಿ, ಇದ್ದಷ್ಟು ದನಿಯನ್ನು ಆ ಒಂದು ಹಾಡಿಗೆಂದು ಉಳಿಸಿಕೊಂಡರು.

ನಾನು ಅಧ್ಯಕ್ಷರ ಹತ್ತಿರ ಹೋಗಿ, ಮೊದಲು ಹಾಡು ಆಗಲಿ, ಭಾಷಣ ಆಮೇಲೆ ಇರಲಿ ಎಂದು ಕೇಳಿಕೊಂಡೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಬುದ್ಧಿ ಹೇಳಿದರು. "ಹಾಡು ಮೊದ್ಲೇ ಆಗೋದ್ರೆ ಜನ ಎದ್ದು ಹೋಗ್ತಾರೆ ಮಾರಾಯ. ಮತ್ತೆ ಭಾಷಣ ಯಾರು ಕೇಳ್ತಾರೆ?" ನಮ್ಮ ಕಡೆಯ ಸನ್ಮಾನಗಳ ಬಗ್ಗೆ ಇಷ್ಟು ಸತ್ಯವಾದ ಮಾತನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಭಾನುವಾರ ಮೂಡಿಗೆರೆಯಲ್ಲಿ ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಫ್ಯಾನ್ ಗಾಳಿಗೆ ಆರಿಹೋಗುತ್ತಿದ್ದ ದೀಪವನ್ನು ಏಳು ಜನ ಸೇರಿ ಹಚ್ಚಿದ್ದೂ ಆಯಿತು. ಅಕ್ಕನಿಗೆ ತೊಡಿಸಿದ ಮೈಸೂರು ಪೇಟ ಹುಬ್ಬಿನವರೆಗೆ ಇಳಿದಿತ್ತು. ತೊಡೆಯ ಮೇಲಿಟ್ಟ ಹಣ್ಣಿನ ಬುಟ್ಟಿಯ ಹಿಂದೆ ಅವರ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಅಧ್ಯಕ್ಷರು ಅಕ್ಕನ ಕಂಠದಿಂದ ಶುರುಮಾಡಿ ತಮ್ಮ ತೋಟಕ್ಕೆ ನುಗ್ಗಿದ ಕಾಡಾನೆಗೆ ಹೋದರು, ಅಲ್ಲಿಂದ ವಾಪಸು ಬರಲೇ ಇಲ್ಲ. ಬಟ್ಟೆ ಅಂಗಡಿಯವರು ತಮ್ಮ ಮೊದಲ ಸಾಲಿನ ನೆನಪುಗಳನ್ನೆಲ್ಲ ಹೇಳಿ, ಕೊನೆಗೆ ಆ ವಸ್ತ್ರವನ್ನು ಎತ್ತಿ ತೋರಿಸಿದರು. ನೀಲಿ ಚೌಕಳಿ. ನನ್ನದೇ ಬೈರಾಸು. ಜನ ಚಪ್ಪಾಳೆ ತಟ್ಟಿದರು.

ಇನ್ನೇನು ಅಕ್ಕ ಹಾಡುವುದೊಂದೇ ಬಾಕಿ ಎನ್ನುವಾಗ ಅಧ್ಯಕ್ಷರು ನನ್ನನ್ನು ವೇದಿಕೆಗೆ ಕರೆದರು. ಹಳೆಯ ಡ್ರೈವರ್, ಎರಡು ಮಾತು ಆಡಲಿ ಅಂತ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅಷ್ಟು ಹೊತ್ತು ಅವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಕೂತಿದ್ದ ನಾನು ಮೈಕು ಕೈಗೆ ಬಂದ ಕೂಡಲೇ ಅವರಲ್ಲೇ ಒಬ್ಬನಾಗಿಬಿಟ್ಟೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ವ್ಯಾನ್ ಪಂಕ್ಚರ್ ಆದ ಕಥೆ ಹೇಳಿದೆ. ಜನ ನಕ್ಕರು. ಆ ನಗು ತಲೆಗೇರಿತು. ಡ್ರಮ್ಮಿನವನು ಜೇನುಹುಳಕ್ಕೆ ಹೆದರಿ ಓಡಿದ್ದು, ಕೀಬೋರ್ಡ್ ಮಳೆಯಲ್ಲಿ ನೆನೆದದ್ದು, ಒಂದಾದ ಮೇಲೊಂದು ಬಿಡುತ್ತಲೇ ಹೋದೆ. ಥೂ, ನನ್ನ ನಾಲಿಗೆಗಿಷ್ಟು. ತಿರುಗಿ ನೋಡಿದಾಗ ಅಡುಗೆಯವರು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು, ಅಕ್ಕಿ ರೊಟ್ಟಿ ತಣ್ಣಗಾಗುತ್ತಿದೆ ಎಂದು. ಅಧ್ಯಕ್ಷರು ನನ್ನ ಕೈಯಿಂದ ಮೈಕು ತೆಗೆದುಕೊಂಡು, ಸಮಯದ ಅಭಾವದಿಂದ ಹಾಡು ಊಟದ ನಂತರ ಎಂದು ಘೋಷಿಸಿದರು. ಕುರ್ಚಿಗಳು ಒಂದೇ ಸಲಕ್ಕೆ ಸದ್ದು ಮಾಡಿದವು.

ಊಟ ಮುಗಿಸಿ ಬಂದರೆ ಮೈಕಿನವರು ವಯರ್ ಸುತ್ತುತ್ತಿದ್ದರು. ಸಂಜೆ ಕಳಸದಲ್ಲಿ ನಿಶ್ಚಿತಾರ್ಥ ಇದೆ, ಸೆಟ್ ಅಲ್ಲಿಗೆ ಹೋಗಬೇಕು ಎಂದರು. ಅಭಿಮಾನಿಗಳು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಆಗಲೇ ಕಾರು ಹತ್ತಿದ್ದರು.

ವಾಪಸು ಬರುವಾಗ ಕೊಟ್ಟಿಗೆಹಾರದ ಹತ್ತಿರ ಜೀಪು ನಿಲ್ಲಿಸಿದೆ. ನನ್ನಿಂದ ತಪ್ಪಾಯಿತು, ಇಲ್ಲಾದರೂ ಹಾಡಿ ಎಂದೆ. "ಜೀಪಲ್ಲಿ ಹಾಡಕ್ಕಾ ನಾನು ಮೂರ್ ದಿನ ಬಾಯಿ ಮುಚ್ಕೊಂಡಿದ್ದು?" ಎಂದರು ಅಕ್ಕ. ಜೀಪು ಹೊರಡಿಸು ಎಂದು ಕೈಸನ್ನೆ ಮಾಡಿದರು.

ಆಪರೇಷನ್ ಆಯಿತು. ಜೀವಕ್ಕೆ ತೊಂದರೆಯಿಲ್ಲ, ಆದರೆ ಈಗ ಮಾತು ಬರೀ ಉಸಿರಿನ ಹಾಗೆ ಬರುತ್ತದೆ, ಹತ್ತಿರ ಕಿವಿಯಿಟ್ಟರಷ್ಟೇ ಕೇಳಿಸುತ್ತದೆ. ಎರಡು ತಿಂಗಳ ನಂತರ ನೋಡಲು ಹೋಗಿದ್ದಾಗ, ಗ್ರೂಪಿನಲ್ಲಿ ಏನು ನಡೆದಿದೆ ಎಂದು ಕೈ ಚಾಚಿ ನನ್ನ ಫೋನ್ ಕೇಳಿದರು. ಕೊಟ್ಟೆ. ಅಧ್ಯಕ್ಷರು ಬರೆದಿದ್ದರು, ಅವತ್ತು ಸನ್ಮಾನದಲ್ಲಿ ಅಕ್ಕ ಹಾಡಿದ್ದೇ ಕೊನೆಯ ಹಾಡಾಯಿತಲ್ಲ, ಮೈ ಜುಮ್ಮೆಂದಿತು ಎಂದು. ಬಟ್ಟೆ ಅಂಗಡಿಯವರಿಗೆ ಎರಡನೇ ಹಾಡು ಇನ್ನೂ ಇಷ್ಟವಾಗಿತ್ತಂತೆ. ಅದರ ಕೆಳಗೆ ಸಾಲಾಗಿ ಎತ್ತಿದ ಹೆಬ್ಬೆರಳುಗಳು. ಅದರಲ್ಲಿ ಒಂದು ನನ್ನದು. ನನ್ನ ಈಗಿನ ಗ್ಯಾರೇಜಿನ ಕೆಲಸದ ನಡುವೆ ಓದದೆಯೇ ಒತ್ತಿಬಿಟ್ಟಿದ್ದೆ.

ಅಕ್ಕ ಅದನ್ನು ಕೊನೆಯ ಹೆಬ್ಬೆರಳಿನವರೆಗೂ ನೋಡಿದರು. ಆಮೇಲೆ ನನ್ನ ಅಂಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಕೇಳಿದರು, "ಚೆನ್ನಾಗಿ ಹಾಡಿದ್ನಾ ನಾನು?"