ಬಾಕಿ ಉಳಿದ ನೀರಿನ ಪಾಳಿ

ಯಾದಗಿರಿ ಸಂತೆಯಿಂದ ತಂದ ಹೊಸ ಮಣ್ಣಿನ ಕೊಡಕ್ಕೆ ಬೆಳಿಗ್ಗೆ ನೀರು ಸುರಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ನಗಬೇಡಿ. ಮಿಕ್ಕವರಿಗೆ ಈ ವಾಸನೆಯಿಂದ ಕವಿತೆ ಹುಟ್ಟುತ್ತದಂತೆ. ನನಗೆ ಹುಟ್ಟುವುದು ಇಷ್ಟೇ.

ನಾನು ಓದಿದ ಕಾಲೇಜನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಪಾದ್ರಿ ತೆರೆದರು. ಕಾಲೇಜು ಎಂದರೆ ಏನೇನೋ ಊಹಿಸಬೇಡಿ: ಎರಡು ಕೋಣೆ, ಒಂದು ಗಂಟೆ, ಅಂಗಳದಲ್ಲಿ ಬಾವಿ. ಕಲಿಸುತ್ತಿದ್ದದ್ದು ಮೇಷ್ಟ್ರಾಗುವ ವಿದ್ಯೆ. ಬಾವಿ ತೋಡಿದವರು ನಮ್ಮ ಕೇರಿಯವರು. ನಮ್ಮವ್ವನ ಅಜ್ಜಿಯೂ ಮಣ್ಣು ಹೊತ್ತವಳೇ. ಊರಿನ ಬೇರೆ ಯಾವ ಬಾವಿಯ ಹಗ್ಗವನ್ನೂ ನಮ್ಮ ಜಾತಿಯವರು ಮುಟ್ಟುವಂತಿರಲಿಲ್ಲ. ಪಾದ್ರಿ ಒಂದು ಪದ್ಧತಿ ಹಾಕಿದ್ದರು: ಕಲಿಯುವವರು ಪಾಳಿಯ ಮೇಲೆ ನೀರು ಸೇದಬೇಕು, ಆ ದಿನ ಎಲ್ಲರಿಗೂ ಅವರೇ ಬಗ್ಗಿಸಿ ಕೊಡಬೇಕು. ನಮ್ಮ ಮನೆಯಲ್ಲಿ ಪರೀಕ್ಷೆಗಿಂತ ಆ ಪಾಳಿಗೇ ಮರ್ಯಾದೆ ಹೆಚ್ಚು.

ನನ್ನ ಪಾಳಿ ಬರುವ ಹೊತ್ತಿಗೆ ನಿಜಾಮನ ಆಳ್ವಿಕೆ ಮುಗಿದು ನಾವು ಭಾರತಕ್ಕೆ ಸೇರಿದ್ದೆವು. ಉರ್ದು ಹಿಂದೆ ಸರಿದು ಕನ್ನಡ ಮೇಷ್ಟ್ರಿಗೆ ಎಲ್ಲಿಲ್ಲದ ಬೇಡಿಕೆ. ದೊಡ್ಡ ಮನೆಯವರೂ ಮಕ್ಕಳನ್ನು ಕಳಿಸತೊಡಗಿದರು. ಎಲ್ಲರೂ ಒಂದಾದೆವೆಂದು ಭಾಷಣ ಮಾಡಿದ ಹೊಸ ಪ್ರಿನ್ಸಿಪಾಲರೇ ನೀರಿಗೆ ಮೇಲುಜಾತಿಯ ಆಳನ್ನು ಇಟ್ಟರು. ಅವ್ವ ಒಗೆದು ಮಡಿಚಿಟ್ಟ ಸೀರೆಯುಟ್ಟು, ಇದೇ ವಾಸನೆಯ ಹೊಸ ಮಣ್ಣಿನ ಕೊಡ ಹಿಡಿದು ನಾನು ಬಾವಿಗೆ ಹೋದರೆ ಪ್ರಿನ್ಸಿಪಾಲರೇ ಅಡ್ಡ ನಿಂತರು.

"ದೊಡ್ಡ ಮನ್ಯಾಗಿನವ್ರು ಬರಾಕತ್ತಾರವ್ವ. ನೀ ಓದು, ನೀರಿನ ಉಸಾಬರಿ ಬ್ಯಾಡ."

"ಈ ಬಾವಿ ನಮ್ಮವ್ರು ತೋಡ್ಯಾರ್ರಿ ಸರ."

"ಯಾರು ಇಲ್ಲಂತಾರ?"

ಎಷ್ಟು ಮೆತ್ತಗೆ ಅಂದರು ಗೊತ್ತೇ? ಬೈದಿದ್ದರೆ ಮರೆಯುತ್ತಿದ್ದೆನೇನೋ. ನಾನು ಟೀಚರಾದೆ, ಪಿಂಚಣಿಗೂ ಬಂದೆ. ಸಿಟ್ಟು ಮಾತ್ರ ನಿವೃತ್ತಿಯಾಗಲಿಲ್ಲ.

ಇವತ್ತಿನ ಸಿಟ್ಟು ಆರುವ ಮೊದಲೇ ಆ ಕಾಲೇಜಿನ ಯುವ ಅಧ್ಯಾಪಕರೊಬ್ಬರು ಮನೆಗೆ ಬಂದರು. ಕಾಲೇಜಿನ ಚರಿತ್ರೆ ಬರೆಯುತ್ತಿದ್ದಾರೆ. ವಾರ್ಷಿಕೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯಾದ ನನಗೆ ಶಾಲು ಹೊದಿಸುತ್ತಾರಂತೆ. ಬಾವಿಯ ಕತೆಯನ್ನೆಲ್ಲ ಹೇಳಿದೆ. ಅವರ ಪೆನ್ನು ನಿಂತಿತು.

"ಖುಷಿ ಕಾರ್ಯಕ್ರಮದಾಗ ಇದು ಯಾಕ್ರಿ ಅಮ್ಮಾರ? ಪಾದ್ರಿ ಸಾಹೇಬ್ರದು ಬರೀತೀನಿ. ನೀರಿಂದು ಬಿಡೂಣ್ರಿ."

ಹೊಸ ಕೊಡದಿಂದ ಒಂದು ಲೋಟ ಬಗ್ಗಿಸಿ ಕೊಟ್ಟೆ. ಗಟಗಟ ಕುಡಿದರು.

"ಶಾಲು ಬ್ಯಾಡ್ರಿ," ಅಂದೆ. "ನನ್ನ ಪಾಳಿ ಬಾಕಿ ಅದ. ಕಾರ್ಯಕ್ರಮದ ದಿನ ಆ ಬಾವಿ ನೀರು ನಾನೇ ಸೇದಿ ಎಲ್ಲಾರಿಗೂ ಕೊಡ್ತೀನಿ. ಕುಡದ ಮ್ಯಾಲ ಚರಿತ್ರಿ ಬರೀರಿ."

ಅವರು ಪೆನ್ನು ಜೇಬಿಗೆ ಸೇರಿಸಿ ಹೋದರು. ನಾನು ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಹೊರಲು ಇನ್ನೂ ಆಗುತ್ತದೆ.