ತಂಗಿಯ ತುಟಿ, ನನ್ನ ನೇರಳೆ ಹಣ್ಣು

ತಂಗಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅವಳು ಹುಟ್ಟಿದ ದಿನದ್ದಲ್ಲ. ಅಪ್ಪ ಅವಳನ್ನು ಕಂಬಳಿಯಲ್ಲಿ ಹೊತ್ತ ದಿನದ್ದು.

ನಮ್ಮೂರು ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ರಸ್ತೆಯಿಂದ ಒಂದು ಮೈಲಿ ಒಳಗಿತ್ತು. ನಾವು ಕುರಿ ಸಾಕುವವರು. ಹಿಂಡು ಮೇಯಿಸಿಕೊಂಡು ಬರುವಾಗ ಯಾವ ಮರಿ ಏದುಸಿರು ಬಿಡುತ್ತ ಹಿಂದೆ ಬೀಳುತ್ತದೋ ಅದನ್ನು ಕಂಬಳಿಯ ಜೋಳಿಗೆಗೆ ಹಾಕಿ ಬೆನ್ನಿಗೆ ಕಟ್ಟಿಕೊಂಡು ಬರುವುದು ಪದ್ಧತಿ. ಬೆನ್ನಿನ ಮೇಲೆ ಜಾಗ ಒಂದೇ. ನಾನು ಎಷ್ಟೋ ಸಲ ಕೇಳಿದ್ದೆ, ನನ್ನನ್ನೂ ಒಂದು ಸಲ ಹೊತ್ತುಕೋ ಎಂದು. "ನಿಂಗೇನ್ ಕಾಲಿಲ್ವೇನ್ಲೇ" ಎಂದು ಅಪ್ಪ ನಗುತ್ತಿದ್ದ. ಅದೇ ಅಪ್ಪ, ತಂಗಿಗೆ ಮೂರು ತುಂಬಿದ ಮೇಲೆ, ಮರಿಯನ್ನು ಕೆಳಗಿಳಿಸಿ ಅವಳನ್ನು ಆ ಜೋಳಿಗೆಗೆ ಹಾಕಿಕೊಂಡ. ಮರಿ ನನ್ನ ಕಂಕುಳಿಗೆ ಬಂತು. ಅದು ನನ್ನ ಲಂಗದ ಮೇಲೆ ಉಚ್ಚೆ ಹೊಯ್ದದ್ದು ಈಗಲೂ ನೆನಪಿದೆ.

ಅವಳು ಹತ್ತು ಹೆಜ್ಜೆ ಓಡಿದರೆ ಸಾಕು, ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಮೊಣಕಾಲನ್ನು ಎದೆಗೆ ಅವುಚಿ, ತಲೆ ಬಗ್ಗಿಸಿ, ಐದು ನಿಮಿಷ. ಆಮೇಲೆ ಎದ್ದು ಏನೂ ಆಗದವಳಂತೆ ನಡೆಯುತ್ತಿದ್ದಳು. ನನಗೆ ಅದು ಶುದ್ಧ ನಾಟಕವಾಗಿ ಕಾಣುತ್ತಿತ್ತು. ನೀರಿಗೆ ಹೋಗುವಾಗ ಕೂತಳು, ಸಗಣಿ ಬಾಚುವಾಗ ಕೂತಳು. ಊಟಕ್ಕೆ ಕರೆದಾಗ ಮಾತ್ರ ಯಾಕೆ ಕೂರುವುದಿಲ್ಲ ಎಂದು ನಾನು ಅವ್ವನನ್ನು ಕೇಳಿ ಬೆನ್ನಿಗೆ ಒಂದು ಗುದ್ದು ತಿಂದೆ.

ಅವಳು ಹಾಗೆ ಕೂರುವುದಕ್ಕೆ ಅಜ್ಜಿ ಹೇಳಿದ ಕಾರಣ ಒಂದೇ. ಹಿಂದೆ ಬೀಳುವ ಮರಿಗೆ ಹಾಲು ಸಾಲದು. ಹಾಗಾಗಿ ಮನೆಯಲ್ಲಿ ಕರೆದ ಹಾಲೆಲ್ಲ ತಂಗಿಯ ಲೋಟಕ್ಕೆ ಹೋಗತೊಡಗಿತು. ನನಗೆ ಮಜ್ಜಿಗೆ, ಅದೂ ನೀರಿನಂಥದ್ದು. ಕೋಳಿ ಮೊಟ್ಟೆ ಇಟ್ಟರೆ ಅವಳಿಗೆ. ಒಲೆಯ ಪಕ್ಕದ ಬೆಚ್ಚಗಿನ ಜಾಗವೂ ಅವಳಿಗೆ. ಅಷ್ಟೆಲ್ಲ ತಿಂದೂ ಅವಳು ಕಡ್ಡಿಯ ಹಾಗೇ ಇದ್ದಳು. ಬೆರಳಿನ ತುದಿಗಳು ಮಾತ್ರ ಡೊಳ್ಳು ಬಡಿಯುವ ಕೋಲಿನ ಹಾಗೆ ಉಬ್ಬಿದ್ದವು. ತುಟಿ ನೀಲಿ. ಬಸುರಿಯಾಗಿದ್ದಾಗ ಅವ್ವ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು, ಅದಕ್ಕೇ ಕೂಸಿಗೆ ನೆರಳು ಹಿಡಿದಿದೆ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅವ್ವ ಆಗ ತಲೆ ಎತ್ತದೆ ರಾಗಿ ಬೀಸುತ್ತಿದ್ದಳು.

ಅಪ್ಪನಿಗೆ ಕುರಿಯ ಮೈ ಗೊತ್ತಿತ್ತು. ಹೊಸದುರ್ಗದ ಸಂತೆಯಲ್ಲಿ ಕುರಿ ಕೊಳ್ಳುವಾಗ ಹಲ್ಲು ನೋಡುವ ಮೊದಲು ಹೆಬ್ಬೆರಳಿನಿಂದ ತುಟಿ ಮಗುಚಿ ಒಸಡು ನೋಡುತ್ತಿದ್ದ. ಒಸಡು ಕೆಂಪಿದ್ದರೆ ಗಟ್ಟಿ ಕುರಿ, ಬಿಳಿಚಿಕೊಂಡಿದ್ದರೆ ಒಳಗೆ ಏನೋ ತಿನ್ನುತ್ತಿದೆ. ಮೇಲಿನ ಉಣ್ಣೆ ಎಷ್ಟೇ ಚೆಂದ ಇದ್ದರೂ ಅವನು ನಂಬುತ್ತಿರಲಿಲ್ಲ. ಆದರೆ ಮಕ್ಕಳನ್ನು ಕುರಿಯ ಹಾಗೆ ತಡವಿ ನೋಡಬಾರದು, ದೃಷ್ಟಿಯಾಗುತ್ತದೆ ಎಂಬುದು ಅಜ್ಜಿಯ ಕಟ್ಟಪ್ಪಣೆ. ಇಡೀ ಹಿಂಡಿನ ಒಸಡು ನೋಡಿದ ಮನುಷ್ಯ ಮಗಳ ತುಟಿ ಮಗುಚಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಮುಂಗಾರು. ತಂಗಿ ಒಂದನೇ ತರಗತಿಗೆ ಸೇರಿದ್ದಳು, ನಾನು ನಾಲ್ಕನೇ ತರಗತಿ. ನೇರಳೆ ಹಣ್ಣಿನ ಕಾಲ. ಶಾಲೆಯ ಹಿಂದೆಯೇ ಮರವಿತ್ತು, ಎಲ್ಲ ಮಕ್ಕಳ ಬಾಯಿಯೂ ಕಪ್ಪು ನೀಲಿ. ಆ ದಿನ ಒಬ್ಬ ನರ್ಸಮ್ಮ ಬಂದಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಣ್ಣು, ಹಲ್ಲು, ಉಗುರು ನೋಡುತ್ತ ಬಂದರು. ತಂಗಿಯ ಮುಂದೆ ನಿಂತವರು ಮುಂದಕ್ಕೆ ಹೋಗಲೇ ಇಲ್ಲ. ಅವಳ ಕೈ ಹಿಡಿದು ಬೆರಳು ನೋಡಿದರು.

"ಈ ಹುಡುಗಿ ತುಟಿ ಯಾಕೆ ಹಿಂಗೈತೆ? ಇವಳ ಕಡೆಯೋರು ಯಾರಾದ್ರೂ ಇದ್ದೀರಾ?"

ನಾನು ಕೈ ಎತ್ತಿದೆ.

"ಹಿಂದಿನಿಂದ್ಲೂ ಹಿಂಗೇ ಐತಾ? ಇದ್ರೆ ಹೇಳವ್ವ, ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಗ್ತೈತೆ."

ಚಿತ್ರದುರ್ಗ! ನಾನು ಅಲ್ಲಿಯವರೆಗೆ ಹೊಳಲ್ಕೆರೆ ದಾಟಿರಲಿಲ್ಲ. ಕೋಟೆ ನೋಡಿರಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ತಂಗಿ, ಅವಳ ಪಕ್ಕ ಅಪ್ಪ, ಕೈಯಲ್ಲಿ ಬನ್ನು, ಇದೆಲ್ಲ ಕಣ್ಣ ಮುಂದೆ ಬಂತು. ಹಾಲು ಅವಳಿಗೆ, ಕಂಬಳಿ ಅವಳಿಗೆ, ಈಗ ಚಿತ್ರದುರ್ಗವೂ ಅವಳಿಗೆ.

"ಇಲ್ರೀ ನರ್ಸಮ್ಮ, ನೇರಳೆ ಹಣ್ಣು ತಿಂದವ್ಳೆ" ಎಂದೆ.

ನರ್ಸಮ್ಮ ಸುತ್ತ ನೋಡಿದರು. ನಲವತ್ತು ಮಕ್ಕಳಿಗೂ ನೇರಳೆ ಬಾಯಿ. ನಕ್ಕು, ತಂಗಿಯ ಕೆನ್ನೆ ತಟ್ಟಿ, ಮುಂದಿನ ಹುಡುಗನ ಹತ್ತಿರ ಹೋದರು. ತಂಗಿ ನನ್ನ ಮುಖ ನೋಡುತ್ತ ನಿಂತಿದ್ದಳು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ತಂಗಿ ಇದ್ದಕ್ಕಿದ್ದಂತೆ ಅಳುತ್ತ ಕಪ್ಪಿಟ್ಟಳು, ಕಣ್ಣು ಮೇಲಾಯಿತು. ಅಜ್ಜಿ ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಹೊಟ್ಟೆಗೆ ಎರಡು ಬರೆ ಎಳೆದಳು. ಅಪ್ಪ ಅವಳ ಕಾಲು ಹಿಡಿದಿದ್ದ. ಅವಳು ಚೇತರಿಸಿಕೊಂಡಾಗ ಬರೆಯಿಂದಲೇ ಆಯಿತೆಂದು ಎಲ್ಲರೂ ನಂಬಿದರು. ಆ ದಿನ ಊರಿನ ಹೆಂಗಸರೆಲ್ಲ ಬಂದು ಅವಳನ್ನು ಮುದ್ದು ಮಾಡಿ ಬೆಲ್ಲ ಕೊಟ್ಟು ಹೋದರು. ನಾನು ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ. ಸುಳ್ಳು ಹೇಳಿ ಏನು ಪ್ರಯೋಜನ, ಪಟ್ಟೆ.

ಮರುವರ್ಷ ಮತ್ತೆ ನೇರಳೆ ಬಂತು. ಆಗ ನನಗೊಂದು ಉಪಾಯ ಹೊಳೆಯಿತು. ಎರಡು ಹಣ್ಣು ಕಿವುಚಿ ತುಟಿಗೆ ಸವರಿಕೊಂಡೆ, ಹತ್ತೂ ಉಗುರಿಗೆ ಉಜ್ಜಿದೆ. ತಿನ್ನಲಿಲ್ಲ, ನಾಲಿಗೆ ಬಣ್ಣವಾದರೆ ಸಿಕ್ಕಿಬೀಳುತ್ತೇನೆಂಬ ಬುದ್ಧಿ ಇತ್ತು. ಸಂಜೆ ಅಪ್ಪ ಹಿಂಡು ಹೊಡೆದುಕೊಂಡು ಬರುವ ದಾರಿಗೆ ಹೋಗಿ, ಹತ್ತು ಹೆಜ್ಜೆ ಓಡಿ, ತಂಗಿಯ ಹಾಗೆಯೇ ಕುಕ್ಕರುಗಾಲಲ್ಲಿ ಕೂತು ಏದುಸಿರು ಬಿಟ್ಟೆ. ಅಪ್ಪನ ಬೆನ್ನ ಮೇಲೆ ತಂಗಿ ಇದ್ದಳು.

"ಅಪ್ಪಾ, ನಂಗೂ ಆಗ್ತಿಲ್ಲ. ಅವಳನ್ನ ಇಳ್ಸಿ ನನ್ನ ಎತ್ಕೋ."

ಅಪ್ಪ ಗಾಬರಿಯಾದ. ಒಬ್ಬಳಿಗಾದದ್ದು ಇನ್ನೊಬ್ಬಳಿಗೂ ಬಂತೆಂದು ಕೋಲು ಬಿಸಾಡಿ ಓಡಿ ಬಂದ. ಆ ಗಾಬರಿಯಲ್ಲಿ ಅಜ್ಜಿಯ ಅಪ್ಪಣೆ ಮರೆತು, ಕುರಿಗೆ ಮಾಡುವಂತೆಯೇ ನನ್ನ ಗದ್ದ ಹಿಡಿದು ಹೆಬ್ಬೆರಳಿನಿಂದ ಕೆಳತುಟಿ ಮಗುಚಿದ. ಒಳಗೆ ಒಸಡು ಗುಲಾಬಿ ಬಣ್ಣಕ್ಕಿತ್ತು. ತನ್ನ ಹೆಬ್ಬೆರಳು ನೋಡಿಕೊಂಡ. ಅದಕ್ಕೆ ನೇರಳೆ ಬಣ್ಣ ಹತ್ತಿತ್ತು.

"ಕಳ್ಳ ಮುಂಡೇದೆ" ಎಂದು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಮೆಲ್ಲಗೆ ಜೋಳಿಗೆ ಬಿಚ್ಚಿ ತಂಗಿಯನ್ನು ಕೆಳಗಿಳಿಸಿ, ಕಂಬಳಿಯ ಅಂಚಿನಿಂದ ಅವಳ ತುಟಿ ಒರೆಸಿದ. ಬಣ್ಣ ಹೋಗಲಿಲ್ಲ. ತುಟಿ ಮಗುಚಿದ. ಬೆಳಗಿನಿಂದ ಅವನ ಜೊತೆಗೇ ಇದ್ದ ಅವಳು ಹಣ್ಣು ಮುಟ್ಟಿರಲಿಲ್ಲ, ಆದರೂ ಒಳಗೆ ಒಸಡೂ ನೀಲಿ, ನಾಲಿಗೆಯೂ ನೀಲಿ. ಅಪ್ಪ ದಾರಿಯ ಮಣ್ಣಿನಲ್ಲಿ ಕೂತುಬಿಟ್ಟ. ಕುರಿಗಳು ತಮ್ಮ ಪಾಡಿಗೆ ಊರ ಕಡೆ ಹೋದವು.

"ನಾಳೆ ದುರ್ಗಕ್ಕೆ ಹೋಗಾಣ" ಎಂದ.

ಅಪ್ಪ ಅವ್ವ ತಂಗಿಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೊರಟಾಗ ನಾನು ಹಠ ಮಾಡಿ ಜೊತೆಗೆ ಹೋದೆ. ಕಿಟಕಿ ಪಕ್ಕವೂ ಸಿಕ್ಕಿತು. ಜೋಗಿಮಟ್ಟಿಯ ಬೆಟ್ಟ ಕಂಡಾಗ ತಂಗಿಗೆ ಜಾಗ ಬಿಡದೆ ಮೂಗನ್ನು ಸರಳಿಗೆ ಒತ್ತಿ ಕೂತಿದ್ದೆ. ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಅವಳ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಹುಟ್ಟಿನಿಂದಲೇ ಹೃದಯದ ಒಳಗೋಡೆಯಲ್ಲಿ ತೂತಿದೆ, ರಕ್ತ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿದೆ ಎಂದರು. ಕುಕ್ಕರುಗಾಲಲ್ಲಿ ಕೂರುವುದು ಸೋಮಾರಿತನವಲ್ಲ, ಹಾಗೆ ಕೂತರೆ ಅವಳಿಗೆ ಉಸಿರು ಸರಾಗವಾಗುತ್ತದೆ, ಯಾರೂ ಕಲಿಸದೆ ಮೈ ತಾನೇ ಕಲಿತ ಉಪಾಯ ಅದು ಎಂದರು. ಅವ್ವ ಗ್ರಹಣದ ಮಾತೆತ್ತಿದಳು. "ನೀನೇನೂ ತಪ್ಪು ಮಾಡಿಲ್ಲ ತಾಯಿ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದು ಅವರು ಹೇಳಿದಾಗ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಏಳು ವರ್ಷದ ಅಳು ಅದು.

ಆಮೇಲೆ ಡಾಕ್ಟರು ಕೇಳಿದರು, "ಒಂದು ವರ್ಷ ಮೊದಲೇ ತರಬಾರದಿತ್ತೇ? ಶಾಲೆಗೆ ಯಾರೂ ನೋಡೋಕೆ ಬರಲಿಲ್ಲವಾ?"

"ನರ್ಸಮ್ಮ ಬಂದಿದ್ರಂತೆ ಸಾ. ಏನೂ ಹೇಳ್ಲಿಲ್ಲ" ಎಂದ ಅಪ್ಪ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಈಗ ಹೇಳಬೇಕು ಅನ್ನಿಸಿತು. ಉಗುರಿನಲ್ಲಿ ಇನ್ನೂ ನೇರಳೆ ಬಣ್ಣವಿದ್ದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಆ ಡಾಕ್ಟರು ಬರೆದುಕೊಟ್ಟ ಚೀಟಿಯ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅಪ್ಪ ಅವ್ವ ಇಬ್ಬರೂ ಒಂದು ತಿಂಗಳು ಅವಳ ಜೊತೆಗಿದ್ದರು. ಆ ತಿಂಗಳು ಮನೆಯ ಹಾಲೆಲ್ಲ ನನ್ನ ಲೋಟಕ್ಕೆ ಬಂತು. ಕೆನೆ ಕಟ್ಟಿದ ಹಾಲು. ಅವಳು ಬದುಕುತ್ತಾಳೋ ಇಲ್ಲವೋ ಎಂದು ಅಜ್ಜಿ ಬಾಗಿಲಲ್ಲಿ ಕೂತು ದಾರಿ ಕಾಯುತ್ತಿದ್ದಳು. ನಾನು ಲೋಟವನ್ನು ನಾಯಿಯ ಮುಂದೆ ಸುರಿದು ಬರುತ್ತಿದ್ದೆ.

ಅವಳು ಕೆಂಪು ತುಟಿ ಹೊತ್ತು ಬಂದಳು. ಮುಂದಿನ ಮುಂಗಾರಿಗೆ ಓಡತೊಡಗಿದಳು. ಅದರ ಮುಂದಿನ ವರ್ಷ ನನ್ನನ್ನು ಹಿಂದೆ ಹಾಕಿದಳು, ಅದಕ್ಕೂ ನನಗೆ ಉರಿಯಿತು. ಅವಳ ಎದೆಯ ನಡುವೆ ಉದ್ದ ಗೆರೆಯಿದೆ, ಹೊಟ್ಟೆಯ ಮೇಲೆ ಎರಡು ಬರೆಯಿವೆ. ಎದೆಯ ಗೆರೆ ಡಾಕ್ಟರದು. ಹೊಟ್ಟೆಯ ಬರೆಯ ಕೊಂಬು ಹಿಡಿದವಳು ಅಜ್ಜಿ, ಆದರೆ ನಾನು ಒಂದು ನಿಜ ಹೇಳಿದ್ದರೆ ಆ ಚಳಿಗಾಲಕ್ಕೆ ಮೊದಲೇ ಅವಳು ಆಸ್ಪತ್ರೆಯಲ್ಲಿರುತ್ತಿದ್ದಳು.

ನಾನು ಹಿರಿಯೂರಿನಲ್ಲಿ ಪ್ರೈಮರಿ ಶಾಲೆಯ ಟೀಚರಾದೆ. ಒದ್ದೆ ಬಟ್ಟೆಯಿಂದ ಮಕ್ಕಳ ಬಾಯಿ ಒರೆಸಿ ತುಟಿ ನೋಡುವ ಚಟ ನನ್ನದು. ಒರೆಸಿದರೂ ನೀಲಿ ಹೋಗದಿದ್ದರೆ, ಆಟದ ನಡುವೆ ಮಗು ಕುಕ್ಕರುಗಾಲಲ್ಲಿ ಕೂತರೆ, ಹಾಲು ಕುಡಿಯುವ ಕೂಸು ನಾಲ್ಕು ಗುಟುಕಿಗೇ ಬೆವರಿ ಮೊಲೆ ಬಿಟ್ಟರೆ, ಮೊದಲು ಡಾಕ್ಟರ ಹತ್ತಿರ ಹೋಗಿ ಎಂದು ತಾಯಂದಿರಿಗೆ ಹೇಳುತ್ತಿದ್ದೆ. ಪಕ್ಕದಲ್ಲಿ ನಿಂತ ಅಕ್ಕನನ್ನೋ ಅಣ್ಣನನ್ನೋ ಕೇಳಿ ಸುಮ್ಮನಾಗಬೇಡಿ ಎಂದೂ ಸೇರಿಸುತ್ತಿದ್ದೆ. ಅವರು ನಗುತ್ತಿದ್ದರು.

ತಂಗಿ ಮಾತ್ರ ಮದುವೆ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ ಒಂದೇ ಕಥೆ ಹೇಳುತ್ತಾಳೆ. "ನಮ್ಮಕ್ಕ ನೇರಳೆ ಹಣ್ಣು ಬಳ್ಕಂಡು ನಾಟಕ ಆಡಿದ್ದಕ್ಕೆ ನಾನು ಉಳ್ಕಂಡೆ." ಎಲ್ಲರೂ ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ತಡೆಯಲಾರದೆ, ತಲೆ ನೆರೆತ ಮೇಲೆ, ಒಂದು ಮಧ್ಯಾಹ್ನ ಅವಳ ಮನೆಯ ಜಗುಲಿಯಲ್ಲಿ ನರ್ಸಮ್ಮನ ವಿಷಯ ಹೇಳಿಯೇಬಿಟ್ಟೆ.

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾನೂ ಅಲ್ಲೇ ನಿಂತಿದ್ನಲ್ಲಕ್ಕ" ಎಂದಳು. "ಆ ದಿನ ನಾನು ಹಣ್ಣೇ ತಿಂದಿರ್ಲಿಲ್ಲ."

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಅಪ್ಪ ನಿನ್ನ ಹೊಡೀತಿದ್ದ."

ಅವಳು ಮತ್ತೊಂದು ಕಾಯಿ ಸುಲಿದಳು. ಆರು ವರ್ಷದ ಹುಡುಗಿ, ನಾಲ್ಕು ಹೆಜ್ಜೆ ನಡೆಯಲು ಉಸಿರಿಲ್ಲದವಳು, ನನಗೆ ಏಟು ಬೀಳಬಾರದೆಂದು ಬಾಯಿ ಮುಚ್ಚಿಕೊಂಡಿದ್ದಳು. ನನ್ನ ಕಣ್ಣು ತುಂಬಿತು. ಇದರಲ್ಲೂ ಅವಳೇ ಮುಂದೆ ಹೋದಳಲ್ಲ ಎಂದು, ದೇವರಾಣೆ, ಹೊಟ್ಟೆಯೂ ಉರಿಯಿತು.