ಬಿಸಿಲಿಗಿಟ್ಟ ಸಂಗೀತ

ಟೇಪ್ ರೆಕಾರ್ಡರಿನ ಸತ್ತ ಸೆಲ್ಲುಗಳನ್ನು ಬಿಸಿಲಿಗಿಟ್ಟರೆ ಅವಕ್ಕೆ ಪುನರ್ಜನ್ಮ ಬರುತ್ತದೆಂಬುದನ್ನು ನೀವು ನಂಬದಿದ್ದರೆ, ಸ್ವಾಮಿ, ನೀವು ಸನತ್‌ನಗರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನನ್ನ ಅಪ್ಪನ ಮಗನಾಗಿ ಬೆಳೆದವರಲ್ಲ. ಮಾಳಿಗೆಯ ಮೇಲೆ ಅವ್ವನ ಸಂಡಿಗೆಯ ಪಕ್ಕದಲ್ಲೇ ನನ್ನ ಸೆಲ್ಲುಗಳೂ ಒಣಗುತ್ತಿದ್ದವು. ಕಾಗೆಗಳು ಎರಡನ್ನೂ ಸಮಭಾವದಿಂದ ಕುಕ್ಕಿ ನೋಡುತ್ತಿದ್ದವು. ಪ್ಲಗ್ಗಿಗೆ ಸಿಕ್ಕಿಸಲು ಹೋದರೆ ಗದಗಿನ ಕಡೆಯ ಅಪ್ಪ, “ಕರೆಂಟು ದೀಪಕ್ಕ ಐತಿ, ನಿನ್ನ ಗದ್ದಲಕ್ಕಲ್ಲ” ಎಂದು ಗದರುತ್ತಿದ್ದರು.

ಹೀಗೆ ಸೂರ್ಯನಾರಾಯಣನ ಕೃಪೆಯಿಂದ ನಾನು ಕೇಳಿದ್ದು ವಿಲಾಯತಿಯ ಒಂದು ಪ್ರೋಗ್ರೆಸಿವ್ ರಾಕ್ ತಂಡದ ಮೊದಮೊದಲ ಆಲ್ಬಮ್ಮುಗಳನ್ನು. ತಂಡದ ಹೆಸರು ಹೇಳಲಾರೆ. ನೀವು ಹುಡುಕಿ ಕೇಳಿ, ಉಳಿದಿರುವ ನನ್ನ ಅಲ್ಪಸ್ವಲ್ಪ ಮಾನವನ್ನೂ ಕಳೆಯುತ್ತೀರಿ. ಆಹಾ, ಎಂಥ ಗಾಂಭೀರ್ಯ! ಬಾವಿಯ ತಳದಿಂದ ಬಂದಂತಿದ್ದ ಕಂಠದ ಆ ಗಾಯಕ, ಒಂದೊಂದು ಪದಕ್ಕೂ ಆಲೋಚಿಸಿ, ವಿಷಾದಿಸಿ, ಆಮೇಲೆ ಬಾಯಿ ಬಿಡುತ್ತಿದ್ದ. ಕ್ಯಾಸೆಟ್ಟಿನ ಒಂದಿಡೀ ಮಗ್ಗುಲನ್ನು ಆಕ್ರಮಿಸಿದ್ದ ಮಹಾಗೀತೆಯಂತೂ ಮಂದವಾಗುತ್ತಾ, ದೀರ್ಘ ನರಳಿಕೆಯೊಂದಿಗೆ ಶೂನ್ಯದಲ್ಲಿ ಲೀನವಾಗುತ್ತಿತ್ತು. ಅದನ್ನು ನಾನು ನಿರ್ವಾಣವೆಂದು ಕರೆದೆ. ಮುಂದೆ ನೌಕರಿ ಸಿಕ್ಕಿ, ಕರೆಂಟಿನ ಹೊಸ ಯಂತ್ರ ತಂದು ಅದೇ ತಂಡದ ನಂತರದ ಆಲ್ಬಮ್ಮುಗಳನ್ನು ಹಾಕಿದರೆ, ಛೇ, ರೈಲು ತಪ್ಪಿಹೋದೀತೆಂಬ ಅವಸರದಲ್ಲಿ ಎಲ್ಲರೂ ಬಡಬಡಿಸುತ್ತಿದ್ದರು. ಕೀರ್ತಿ ನೆತ್ತಿಗೇರಿ ಕಲೆ ಕೆಟ್ಟಿತೆಂದು ಸಿಕ್ಕಸಿಕ್ಕವರಿಗೆಲ್ಲ ಉಪದೇಶಿಸಿದೆ. ಹಳೆಯ ಕ್ಯಾಸೆಟ್ಟುಗಳನ್ನು ಮಾತ್ರ, ಮಡಿ ಕೆಡಬಾರದೆಂದು, ಹಳೆಯ ಯಂತ್ರದಲ್ಲೇ ಬಿಸಿಲಿನ ಸೆಲ್ಲು ಹಾಕಿ ಆಮೇಲೂ ಕೇಳುತ್ತಿದ್ದೆ.

ಈ ಖ್ಯಾತಿ ನಮ್ಮೂರಿನ ಇನ್ನೊಂದು ತುದಿಯ ಮಣಿಕೊಂಡದವರೆಗೂ ಹಬ್ಬಿ, ಬೆಂಗಳೂರಿನಿಂದ ಬಂದ ಐಟಿ ಹುಡುಗರ ಸಂಗೀತಕೂಟವೊಂದು ಆ ಆಲ್ಬಮ್ಮುಗಳ ಬಗ್ಗೆ ಮಾತಾಡಲು ನನ್ನನ್ನು ಕರೆಯಿತು. ನಿರ್ವಾಣದ ಕುರಿತು ನಾನು ಕಣ್ಣು ಮುಚ್ಚಿ ಮಾತಾಡಿ ಮುಗಿಸಿದ ಮೇಲೆ, ಕೂಟದ ನಿಖಿಲ್ ಮೊಬೈಲಿನಿಂದ ಅದೇ ಮಹಾಗೀತೆ ಹಾಕಿದ. ಅದರೊಳಗಿಂದ ಸಣ್ಣ ದನಿಯ ಯಾವನೋ ಒಬ್ಬ ಚಿಗುರುಮೀಸೆಯವನು ಕುಪ್ಪಳಿಸುತ್ತಾ ಹಾಡತೊಡಗಿದ.

“ಇವನ್ಯಾರಪ್ಪಾ? ಬೇರೆ ಯಾರದೋ ಹಾಕಿದಿ!” ಎಂದು ಕಿರುಚಿದೆ.

“ಅವರೇ ಅಂಕಲ್. ನಿಮ್ಮ ಸೆಲ್ ವೀಕಾಗಿ ಟೇಪ್ ಸ್ಲೋ ಓಡ್ತಿತ್ತೇನೋ.”

ಹಾಳಾಗಲಿ, ನಿರ್ವಾಣವಾದರೂ ಉಳಿದೀತೆಂದು ಕಾದೆ. ಅದರ ಜಾಗ ಬಂತು, ದಾಟಿತು. ಅದರಾಚೆ ನಾನೆಂದೂ ಕೇಳದಿದ್ದ ಕುಣಿತದ ತಾಳ, ಚಪ್ಪಾಳೆ! ಸೆಲ್ಲು ಸತ್ತದ್ದನ್ನು ನಾನು ಮೋಕ್ಷವೆಂದುಕೊಂಡಿದ್ದೆ. ಹುಡುಗರು ನಕ್ಕದ್ದು ಅಷ್ಟು ನೋಯಲಿಲ್ಲ. ಹರೆಯದ ಎಲ್ಲ ಸಂಕಟಗಳಲ್ಲೂ ಜೊತೆಗಿದ್ದ ಆ ದಪ್ಪ ದನಿಯ ಮನುಷ್ಯ ಹುಟ್ಟಿಯೇ ಇರಲಿಲ್ಲವೆಂಬುದಕ್ಕೆ, ನಿಜ ಹೇಳುತ್ತೇನೆ, ಅಳು ಬಂತು.

“ಮಾರಿ ಯಾಕ ಸಣ್ಣ ಆಗೇತಿ?” ಎಂದಳು ಮನೆಗೆ ಬಂದಾಗ ಹೆಂಡತಿ ಶಾಂತಾ. ಹೇಳಿದೆ. “ಅವರ ಹಾಡು ಅವರಿಗಿರಲಿ ಬಿಡ್ರಿ. ಮದುವಿ ಆದಾಗಿಂದ ನಾ ಕೇಳಾಕತ್ತಿದ್ದು ನಿಮ್ಮಾಂವ ನರಳೂದನ್ನ. ಅದಿಲ್ಲಂದ್ರ ನನಗ ಮಧ್ಯಾಹ್ನ ನಿದ್ದಿ ಹತ್ತೂದಿಲ್ಲ.”

ಮುಂದಿನ ಭಾನುವಾರ ಸಂಡಿಗೆಯ ಪಕ್ಕದಲ್ಲಿ ಸೆಲ್ಲುಗಳನ್ನಿಟ್ಟು, ಕಾಗೆ ಬಂದರೆ ಮೊದಲು ಸೆಲ್ಲುಗಳ ಮೇಲಿಂದಲೇ ಓಡಿಸುತ್ತಾ ಕೂತಿದ್ದೆ. ನಿಖಿಲನ ಫೋನು ಬಂತು: “ಅಂಕಲ್, ನಿಮ್ಮ ಗಾಯಕನ್ನ ಕೇಳೋಕೆ ಎಲ್ಲರೂ ಬರ್ತಿದೀವಿ.”

ಬಿಸಿಲು ಚುರುಗುಟ್ಟುತ್ತಿದ್ದ ಆಕಾಶ ನೋಡಿದೆ.

“ಇವತ್ತು ಬ್ಯಾಡಪ್ಪಾ,” ಎಂದೆ, “ಮೋಡ ಭಾಳ ಐತಿ. ಅಂವ ಹಾಡಂಗಿಲ್ಲ.”